ಕಲ್ಲಿದ್ದಲ ನಾಡಿನಲ್ಲಿ ಹೆಂಗಸರ ಚರಿತ್ರೆಯ ಜಾಡು

ಕಾರ್ಡಿಫ್ ಸೆಂಟ್ರಲ್ ರೈಲು ನಿಲ್ದಾಣದ ಎದುರಿನ ಚೌಕದಲ್ಲಿ ಬೆಟ್ಟಿ ಕ್ಯಾಂಬೆಲ್ ಅವರ ದೊಡ್ಡ ಕಂಚಿನ ಪ್ರತಿಮೆಯಿದೆ. ಬಂದರಿನ ಬಡ ಬಡಾವಣೆಯಲ್ಲಿ ಹುಟ್ಟಿ ವೇಲ್ಸ್‌ನ ಮೊದಲ ಕಪ್ಪು ಮುಖ್ಯೋಪಾಧ್ಯಾಯಿನಿಯಾದವರು ಅವರು. 2021ರಲ್ಲಿ ಇದು ಅನಾವರಣಗೊಳ್ಳುವವರೆಗೆ, ನಿಜವಾಗಿ ಬಾಳಿಹೋದ, ಹೆಸರುಳ್ಳ ವೇಲ್ಸ್ ಮಹಿಳೆಯೊಬ್ಬಳಿಗೆ ಆ ನಾಡಿನ ಸಾರ್ವಜನಿಕ ಬಯಲಿನಲ್ಲಿ ಒಂದು ಪ್ರತಿಮೆಯೂ ಇರಲಿಲ್ಲ. ಅದೇ ಊರಿನಲ್ಲಿ ಕಲ್ಲಿದ್ದಲು ವ್ಯಾಪಾರದ ಜಾನ್ ಕೋರಿ, ಬಂದರು ಕಟ್ಟಿಸಿದ ಎರಡನೆಯ ಮಾರ್ಕ್ವಿಸ್ ಆಫ್ ಬ್ಯೂಟ್, ರಾಜಕಾರಣಿ ಅನೈರಿನ್ ಬೆವನ್ ಮೊದಲಾದ ಗಂಡಸರು ಎಂದಿನಿಂದಲೋ ನಿಂತಿದ್ದಾರೆ.

ಪ್ರತಿಮೆ ಬರುವುದಕ್ಕೆ ನಾಲ್ಕು ದಶಕ ಮೊದಲೇ ಪುಸ್ತಕಗಳು ಬಂದಿದ್ದವು. ಅವುಗಳಲ್ಲಿ ಹಲವನ್ನು ಬರೆದವರು ಏಂಜೆಲಾ ವಿ. ಜಾನ್. ದಕ್ಷಿಣ ವೇಲ್ಸ್‌ನ ಉಕ್ಕಿನ ಊರು ಪೋರ್ಟ್ ಟಾಲ್ಬಟ್‌ನಲ್ಲಿ ಬೆಳೆದವರು. ಬಹುಕಾಲ ಲಂಡನ್ನಿನ ಗ್ರಿನಿಚ್ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕಿಯಾಗಿದ್ದವರು. ಅವರ ಪುಸ್ತಕಗಳನ್ನೇ ದಾರಿಪಟವಾಗಿ ಇಟ್ಟುಕೊಂಡು, ಅವರು ಬರೆದ ಹೆಂಗಸರು ನಡೆದಾಡಿದ ಊರುಗಳನ್ನು ನೋಡಬೇಕೆಂದು ನಾನು ವೇಲ್ಸ್‌ಗೆ ಹೋದೆ. ಮಹಿಳೆಯರ ಜೀವನಚರಿತ್ರೆ ಎಂದೊಡನೆ ನಮಗೆ ಸಾಧಕಿಯರ ಗುಣಗಾನ ನೆನಪಾಗುತ್ತದೆ. ಆದರೆ ಅವರ ಬರಹದಲ್ಲಿ ಬೇರೊಂದು ಹಟವಿದೆ. ಒಬ್ಬ ಹೆಂಗಸಿನ ಬದುಕನ್ನು ಹೇಳುವಾಗ ಆ ಬದುಕು ನಡೆಯಲು ಬೆವರು ಸುರಿಸಿದವರನ್ನೂ ಅದೇ ಪುಟದಲ್ಲಿ ಇಡಬೇಕೆಂಬ ಹಟ. ಅದು ಎಲ್ಲಿಂದ ಬಂತು ಎಂದು ಕಾಣಲು ಅವರ ಮೊದಲ ಪುಸ್ತಕಕ್ಕೆ ಹೋಗಬೇಕು.

ಆ ಪುಸ್ತಕ 1980ರದು. ವಿಕ್ಟೋರಿಯಾ ಕಾಲದ ಕಲ್ಲಿದ್ದಲು ಗಣಿಗಳಲ್ಲಿ ದುಡಿದ ಹೆಂಗಸರನ್ನು ಕುರಿತದ್ದು. 1842ರಲ್ಲಿ ಬ್ರಿಟಿಷ್ ಸಂಸತ್ತು ಹೆಂಗಸರೂ ಹತ್ತು ವರ್ಷದೊಳಗಿನ ಹುಡುಗರೂ ನೆಲದಡಿಯ ಗಣಿಯಲ್ಲಿ ಕೆಲಸ ಮಾಡಕೂಡದೆಂದು ಕಾನೂನು ತಂದಿತು. ಆಮೇಲೂ ಸಾವಿರಾರು ಹೆಂಗಸರು ಗಣಿಬಾಯಿಯ ಮೇಲೆ, ಗಾಳಿಮಳೆಯಲ್ಲಿ ನಿಂತು, ಕಲ್ಲಿದ್ದಲಿನಿಂದ ಕಲ್ಲು ಆರಿಸುತ್ತ, ಗಾಡಿ ತಳ್ಳುತ್ತ ದುಡಿದರು. 1880ರ ದಶಕದಲ್ಲಿ ಅದನ್ನೂ ನಿಲ್ಲಿಸಬೇಕೆಂಬ ಕೂಗೆದ್ದಿತು. ಇದು ಹೆಣ್ಣಿಗೆ ತಕ್ಕ ಕೆಲಸವಲ್ಲ, ಅವಳ ಉಡುಪು ಸಭ್ಯವಲ್ಲ ಎಂಬ ಮಾತುಗಳ ಹಿಂದೆ ಗಂಡಾಳುಗಳ ಸಂಘಗಳ ಆತಂಕವೂ ಇತ್ತು: ಹೆಂಗಸರು ಕಡಿಮೆ ಕೂಲಿಗೆ ದುಡಿದರೆ ತಮ್ಮ ಕೂಲಿಯೂ ಇಳಿಯುತ್ತದೆ. 1887ರಲ್ಲಿ ಆ ಹೆಂಗಸರ ನಿಯೋಗವೇ ಲಂಡನ್ನಿಗೆ ಹೋಗಿ ಗೃಹ ಸಚಿವರ ಮುಂದೆ ನಿಂತಿತು. ಆ ನಿಷೇಧ ಬರಲಿಲ್ಲ.

ಈ ಹೆಂಗಸರಲ್ಲಿ ಹೆಚ್ಚಿನವರು ತಮ್ಮ ಕೈಯಾರೆ ಏನನ್ನೂ ಬರೆದಿಡಲಿಲ್ಲ. ಅವರ ಮಾತು ನಮಗೆ ಸಿಗುವುದು ಸರ್ಕಾರಿ ಆಯೋಗಗಳ ಪ್ರಶ್ನೋತ್ತರದಲ್ಲಿ, ಪತ್ರಿಕೆಯ ವರದಿಗಳಲ್ಲಿ, ಆರ್ಥರ್ ಮನ್ಬಿಯಂಥ ಕುತೂಹಲಿ ಗಂಡಸಿನ ದಿನಚರಿಯಲ್ಲಿ. ದುಡಿಯುವ ಹೆಂಗಸರನ್ನು ಊರೂರು ತಿರುಗಿ ಕಂಡು, ಮಾತಾಡಿಸಿ, ಅವರ ಛಾಯಾಚಿತ್ರಗಳನ್ನು ಕೂಡಿಟ್ಟವನು ಮನ್ಬಿ. ಅವನ ಸಂಗ್ರಹ ಈಗ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿದೆ. ಪ್ರಶ್ನೆ ಕೇಳಿದವನ ಮನಸ್ಸಿನಲ್ಲಿ ಏನಿತ್ತು, ಕ್ಯಾಮೆರಾ ಮುಂದೆ ಅವಳನ್ನು ಹೀಗೆ ನಿಲ್ಲಿಸಿದವರು ಯಾರು ಎಂದು ವಿಚಾರಿಸದೆ ಇಂಥ ದಾಖಲೆಗಳಿಂದ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ಹೆಸರಿಲ್ಲದ ಸಾವಿರಾರು ಹೆಂಗಸರ ನಡುವೆ ಈ ಅಭ್ಯಾಸ ಮಾಡಿಕೊಂಡ ಬಳಿಕವೇ ಏಂಜೆಲಾ ಜಾನ್ ಒಬ್ಬೊಬ್ಬರ ಜೀವನಚರಿತ್ರೆಗೆ ಕೈಹಾಕಿದ್ದು.

ಕಾರ್ಡಿಫ್‌ನಿಂದ ಮರ್ಥರ್ ಟಿಡ್‌ವಿಲ್‌ಗೆ ಹೋಗುವ ರೈಲು ಟ್ಯಾಫ್ ನದಿಯ ಕಣಿವೆಯನ್ನು ಹಿಡಿದು ಬಡಗಣಕ್ಕೆ ಏರುತ್ತದೆ. ಸುಮಾರು ಒಂದು ಗಂಟೆಯ ದಾರಿ. ನಡುವೆ ಸಿಗುವ ಪಾಂಟಿಪ್ರಿದ್‌ನಲ್ಲಿ 1856ರಲ್ಲಿ ತಂದೆ ಮಗ ಸೇರಿ ಕಟ್ಟಿದ ಹಾಡು ಇಂದು ವೇಲ್ಸ್‌ನ ರಾಷ್ಟ್ರಗೀತೆ. ಅದು ನಾಡನ್ನು ಪಿತೃಗಳ ನೆಲವೆಂದು ಕರೆಯುತ್ತದೆ. ಏಂಜೆಲಾ ಜಾನ್ 1991ರಲ್ಲಿ ಸಂಪಾದಿಸಿದ ವೇಲ್ಸ್ ಮಹಿಳಾ ಇತಿಹಾಸದ ಪ್ರಬಂಧ ಸಂಕಲನಕ್ಕೆ ‘ನಮ್ಮ ತಾಯಂದಿರ ನಾಡು’ ಎಂಬರ್ಥದ ಹೆಸರಿಟ್ಟರು. ರೈಲು ಮುಂದೆ ಸಾಗಿದಾಗ ನದಿಯಾಚೆಯ ಇಳಿಜಾರಿನಲ್ಲಿ ಅಬರ್‌ವಾನ್ ಕಾಣುತ್ತದೆ. 1966ರಲ್ಲಿ ಗಣಿತ್ಯಾಜ್ಯದ ಗುಡ್ಡ ಕುಸಿದು ಶಾಲೆಯನ್ನು ಮುಚ್ಚಿ 116 ಮಕ್ಕಳೂ 28 ದೊಡ್ಡವರೂ ಸತ್ತ ಊರು ಅದು. ಡಬ್ಬಿಯಲ್ಲಿದ್ದ ಮುದುಕಿಯೊಬ್ಬರು ಹೆಣಿಗೆ ನಿಲ್ಲಿಸಿ ಆ ಕಡೆ ತಿರುಗಿ ಕೂತರು.

ಮರ್ಥರ್‌ನಿಂದ ಬೆಟ್ಟ ಹತ್ತಿದರೆ ಡೌಲೈಸ್. 1840ರ ದಶಕದಲ್ಲಿ ಹದಿನೆಂಟು ಊದುಕುಲುಮೆಗಳು ಹಗಲಿರುಳು ಉರಿಯುತ್ತಿದ್ದ, ಏಳು ಸಾವಿರಕ್ಕೂ ಹೆಚ್ಚು ಆಳುಗಳಿದ್ದ, ಜಗತ್ತಿನಲ್ಲೇ ಅತಿ ದೊಡ್ಡದೆನಿಸಿದ್ದ ಕಬ್ಬಿಣದ ಕಾರ್ಖಾನೆ ಇಲ್ಲಿತ್ತು. ಇಂದು ಉಳಿದಿರುವುದು ಕಾರ್ಖಾನೆಯ ಕುದುರೆಲಾಯದ ಕಟ್ಟಡ, ಗೆಸ್ಟ್ ಮನೆತನದ ಹೆಸರಿನ ಗ್ರಂಥಾಲಯದ ಕಟ್ಟಡ, ಇನ್ನೊಂದೆರಡು ಕುರುಹು. ಸುತ್ತಲೂ ಸಾಲುಮನೆಗಳು, ಹುಲ್ಲು ಬೆಳೆದ ದಿಬ್ಬಗಳು. ದಿಬ್ಬದ ಮೇಲೆ ನಿಂತು ಕಾಲಲ್ಲಿ ಕೆದಕಿದರೆ ಹುಲ್ಲಿನಡಿ ಕಪ್ಪು ಕಿಟ್ಟ ಸಿಗುತ್ತದೆ.

ಇಲ್ಲಿಗೆ 1833ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಮದುವೆಯಾಗಿ ಬಂದವಳು ಲೇಡಿ ಶಾರ್ಲೆಟ್. ಇಂಗ್ಲೆಂಡಿನ ಲಿಂಕನ್‌ಷೈರ್‌ನ ಜಮೀನ್ದಾರಿ ಮನೆತನದ ಮಗಳು. ಗಂಡ ಜಾನ್ ಜೋಸಾಯ ಗೆಸ್ಟ್ ಕಾರ್ಖಾನೆಯ ಧಣಿ, ಮರ್ಥರ್‌ನ ಮೊದಲ ಸಂಸತ್ ಸದಸ್ಯ, ಅವಳಿಗಿಂತ ಇಪ್ಪತ್ತೇಳು ವರ್ಷ ಹಿರಿಯ. ಬಂದವಳು ವೆಲ್ಷ್ ಭಾಷೆ ಕಲಿತಳು. ಮಧ್ಯಯುಗದ ವೆಲ್ಷ್ ಕಥೆಗಳನ್ನು ‘ಮಾಬಿನೋಗಿಯನ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದಳು. 1838ರಿಂದ ಕಂತುಕಂತಾಗಿ ಹೊರಬಂದ ಆ ಕೆಲಸ 1849ರಲ್ಲಿ ಮೂರು ಸಂಪುಟಗಳಾಗಿ ಪೂರ್ಣಗೊಂಡಿತು. ಇಷ್ಟರ ನಡುವೆ ಹತ್ತು ಹೆರಿಗೆ. ಅದರ ಜೊತೆಗೆ ಕಾರ್ಖಾನೆಯ ಲೆಕ್ಕಪತ್ರ, ವ್ಯವಹಾರದ ಓಲೆಗಳು, ಕಾರ್ಮಿಕರ ಮಕ್ಕಳ ಶಾಲೆಗಳು. 1852ರಲ್ಲಿ ಗಂಡ ತೀರಿಕೊಂಡಾಗ ಕಾರ್ಖಾನೆಯ ಆಡಳಿತ ಅವಳ ಕೈಗೆ ಬಂತು.

1989ರಲ್ಲಿ ಏಂಜೆಲಾ ಜಾನ್ ಅವರೂ ಶಾರ್ಲೆಟ್‌ಳ ವಂಶದ ರೆವೆಲ್ ಗೆಸ್ಟ್ ಅವರೂ ಸೇರಿ ಅವಳ ಜೀವನಚರಿತ್ರೆ ಬರೆದರು. ಬಾಲ್ಯದಿಂದ ಮುಪ್ಪಿನವರೆಗೆ, 1822ರಿಂದ 1891ರವರೆಗೆ ಶಾರ್ಲೆಟ್ ಬರೆದ ದಿನಚರಿ ಅವರಿಗೆ ಆಧಾರವಾಗಿತ್ತು. ಆ ದಿನಚರಿಯನ್ನು ಕಾಪಾಡಿರುವುದು ಪಶ್ಚಿಮ ಕರಾವಳಿಯ ಅಬರಿಸ್ಟ್‌ವಿತ್‌ನಲ್ಲಿರುವ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯ. ಕಾರ್ಡಿಫ್‌ನಿಂದ ಅಲ್ಲಿಗೆ ನೇರ ರೈಲಿಲ್ಲ. ಗಡಿ ದಾಟಿ ಇಂಗ್ಲೆಂಡಿನ ಶ್ರೂಸ್‌ಬರಿಗೆ ಹೋಗಿ ಬಳಸಿ ಬರಬೇಕು. ದಕ್ಷಿಣದ ಕಣಿವೆಗಳ ಹಳಿಗಳನ್ನು ಹಾಕಿದ್ದು ಕಲ್ಲಿದ್ದಲನ್ನೂ ಕಬ್ಬಿಣವನ್ನೂ ಬಂದರಿಗೆ ಇಳಿಸಲು, ನಾಡಿನ ಜನರನ್ನು ಒಬ್ಬರಿಗೊಬ್ಬರು ಹತ್ತಿರ ತರಲು ಅಲ್ಲ ಎಂಬುದು ಆ ಸುತ್ತುಬಳಸಿನಲ್ಲಿ ಮೈಗೆ ತಿಳಿಯುತ್ತದೆ. ಗ್ರಂಥಾಲಯ ಗುಡ್ಡದ ಮೇಲಿದೆ. ಮೆಟ್ಟಿಲ ಮೇಲೆ ನಿಂತರೆ ಕೆಳಗೆ ಊರು, ಊರಿನಾಚೆ ಕಾರ್ಡಿಗನ್ ಕೊಲ್ಲಿಯ ಬೂದುನೀಲಿ ನೀರು.

ಸುಮಾರು ಎಪ್ಪತ್ತು ವರ್ಷದ ದಿನಚರಿ ಯಾವ ಲೇಖಕರಿಗೂ ವರವೇ. ಅಪಾಯವೂ ಅದರಲ್ಲೇ ಇದೆ. ಇಷ್ಟು ಚೆನ್ನಾಗಿ, ಇಷ್ಟು ದಿನ ಮಾತಾಡುವವಳ ಮುಂದೆ ಬರೆಯುವವರು ಬರಿಯ ಲಿಪಿಕಾರರಾಗಿಬಿಡಬಹುದು. ಅನುವಾದ ಅವಳದಲ್ಲ, ನೆರವಾದ ವೆಲ್ಷ್ ಪಂಡಿತರದು ಎಂಬ ಸಂಶಯಕ್ಕೆ ಅವಳ ದಿನಚರಿ ಉತ್ತರ ಕೊಡುತ್ತದೆ. ಅಲ್ಲಿ ಅವಳ ದುಡಿಮೆಯ ದಿನಗಳು ಸಾಲಾಗಿ ನಿಂತಿವೆ. ಆದರೆ 1849ರ ಕಾಲರಾ ಮರ್ಥರ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಾಗ ಸಾಲುಮನೆಗಳ ಹೆಂಗಸರು ಏನು ಅನುಭವಿಸಿದರು ಎಂಬುದು ಧಣಿಯ ಮನೆಯ ಕಿಟಕಿಯಿಂದ ಪೂರ್ತಿ ಕಾಣುವಂಥದಲ್ಲ. 1853ರಲ್ಲಿ ಆಳುಗಳು ಕೂಲಿಗಾಗಿ ಮುಷ್ಕರ ಹೂಡಿದಾಗ ಶಾರ್ಲೆಟ್ ಧಣಿಗಳ ಪಕ್ಷದಲ್ಲಿ ನಿಂತಳು. ಭಾಷೆಯನ್ನು ಪ್ರೀತಿಸಿದವಳೂ ಶಾಲೆ ನಡೆಸಿದವಳೂ ಮುಷ್ಕರವನ್ನು ಎದುರಿಸಿದವಳೂ ಒಬ್ಬಳೇ. ಗಣಿಬಾಯಿಯ ಹೆಂಗಸರ ಬಗ್ಗೆ ಮೊದಲು ಬರೆದು ಬಂದ ಇತಿಹಾಸಕಾರ್ತಿಗೆ ಈ ಮೂರನ್ನೂ ಒಟ್ಟಿಗೆ ಹಿಡಿಯುವ ಕೈಬಲ ಇತ್ತು. ಶಾರ್ಲೆಟ್ ಮುಂದೆ ಮಗನ ಪಾಠದ ಮೇಷ್ಟ್ರಾಗಿದ್ದ ಚಾರ್ಲ್ಸ್ ಶ್ರೈಬರ್‌ನನ್ನು ಮದುವೆಯಾಗಿ, ಯುರೋಪೆಲ್ಲ ಅಲೆದು ಪಿಂಗಾಣಿ ಸಂಗ್ರಹಿಸಿ, 1884ರಲ್ಲಿ ಅದನ್ನು ಇಂದಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂಗೆ ಕೊಟ್ಟಳು.

ಎರಡನೆಯ ದಾರಿ ನ್ಯೂಪೋರ್ಟಿಗೆ. ಕಾರ್ಡಿಫ್‌ನಿಂದ ಕಾಲು ಗಂಟೆಯ ರೈಲು. ಊರ ಹೊರಗಿನ ಲ್ಯಾನ್‌ವರ್ನ್‌ನಲ್ಲಿ ಬೆಳೆದವಳು ಮಾರ್ಗರೆಟ್ ಹೇಗ್ ಥಾಮಸ್, ಮುಂದೆ ಲೇಡಿ ರೊಂಡಾ. ಅಪ್ಪ ಡಿ. ಎ. ಥಾಮಸ್ ಗಣಿಗಳ ದೊರೆ. ಮಗಳು ಮತದಾನದ ಹಕ್ಕಿಗಾಗಿ ಪ್ಯಾಂಕ್‌ಹರ್ಸ್ಟ್ ಅವರ ಸಂಘಟನೆ ಸೇರಿ, ನ್ಯೂಪೋರ್ಟ್ ಶಾಖೆಯ ಕಾರ್ಯದರ್ಶಿಯಾದಳು. 1913ರ ಜೂನ್‌ನಲ್ಲಿ ರಿಸ್ಕಾ ರಸ್ತೆಯ ಅಂಚೆಪೆಟ್ಟಿಗೆಯೊಳಗೆ ಬೆಂಕಿಯೇಳುವ ರಾಸಾಯನಿಕ ಹಾಕಿದಳು. ಅಸ್ಕ್ ಜೈಲಿಗೆ ಹೋದಳು, ಉಪವಾಸ ಕೂತಳು, ಐದು ದಿನಕ್ಕೆ ಬಿಡುಗಡೆಯಾದಳು. ಈಗ ಆ ಏರುರಸ್ತೆಯಲ್ಲಿ ಕೆಂಪು ಅಂಚೆಪೆಟ್ಟಿಗೆಯ ಬಳಿ ಅವಳ ನೆನಪಿನ ಫಲಕವಿದೆ. ನಾನು ನೋಡುತ್ತ ನಿಂತಿದ್ದಾಗ ಶಾಲೆಯಿಂದ ಮಗಳನ್ನು ಕರೆತರುತ್ತಿದ್ದ ತಾಯಿಯೊಬ್ಬರು ಆ ಫಲಕವನ್ನು ಮಗುವಿನಿಂದ ಗಟ್ಟಿಯಾಗಿ ಓದಿಸಿದರು. ಬೆಂಕಿ ಯಾಕೆ ಹಾಕಿದಳು ಎಂದು ಮಗು ಕೇಳಿತು. ವೋಟು ಕೊಡಲಿಲ್ಲವಲ್ಲ, ಅದಕ್ಕೆ ಎಂದರು ತಾಯಿ.

ಮುಂದಿನ ಬದುಕು ಇನ್ನೂ ವೇಗದ್ದು. 1915ರ ಮೇ 7ರಂದು ಜರ್ಮನ್ ಜಲಾಂತರ್ಗಾಮಿ ಲುಸಿಟಾನಿಯಾ ಹಡಗನ್ನು ಮುಳುಗಿಸಿದಾಗ ಅಪ್ಪನ ಜೊತೆ ಅವಳೂ ಅದರಲ್ಲಿದ್ದಳು. ಸುಮಾರು 1,200 ಮಂದಿ ಸತ್ತರು. ಪ್ರಜ್ಞೆ ತಪ್ಪಿ ತೇಲುತ್ತಿದ್ದ ಅವಳನ್ನು ಗಂಟೆಗಳ ಬಳಿಕ ದೋಣಿಯೊಂದು ಎತ್ತಿಕೊಂಡಿತು. 1918ರಲ್ಲಿ ಅಪ್ಪ ಸತ್ತ ಮೇಲೆ ವಿಶೇಷ ಅನುಮತಿಯಿಂದ ಅವನ ಬಿರುದು, ಅವನ ಕಂಪನಿಗಳ ನಿರ್ದೇಶಕ ಸ್ಥಾನಗಳು ಅವಳಿಗೆ ಬಂದವು. ಬಿರುದು ಬಂದರೂ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಆಸನ ಸಿಗಲಿಲ್ಲ. 1922ರಲ್ಲಿ ಒಮ್ಮೆ ಒಪ್ಪಿದ ಸಮಿತಿ ಮರುಪರಿಶೀಲನೆಯಲ್ಲಿ ತಿರಸ್ಕರಿಸಿತು. ಜೀವನದುದ್ದಕ್ಕೂ ಅದಕ್ಕಾಗಿ ಹೋರಾಡಿ 1958ರ ಜುಲೈನಲ್ಲಿ ತೀರಿಕೊಂಡಳು. ವಂಶಪಾರಂಪರ್ಯ ಬಿರುದಿನ ಹೆಂಗಸರು ಒಳಗೆ ಕಾಲಿಟ್ಟದ್ದು 1963ರ ಕಾನೂನಿನ ಬಳಿಕ. ಅವಳು 1920ರಲ್ಲಿ ಆರಂಭಿಸಿದ ವಾರಪತ್ರಿಕೆ ‘ಟೈಮ್ ಅಂಡ್ ಟೈಡ್’ನಲ್ಲಿ ವರ್ಜೀನಿಯಾ ವುಲ್ಫ್, ವಿನಿಫ್ರೆಡ್ ಹೋಲ್ಟ್‌ಬಿ, ಬರ್ನಾರ್ಡ್ ಷಾ ಬರೆದರು. 1926ರಲ್ಲಿ ಕಂಪನಿ ನಿರ್ದೇಶಕರ ಸಂಸ್ಥೆಗೆ ಅವಳು ಮೊದಲ ಮಹಿಳಾ ಅಧ್ಯಕ್ಷೆ.

ಏಂಜೆಲಾ ಜಾನ್ ಬರೆದ ಅವಳ ಜೀವನಚರಿತ್ರೆ 2013ರಲ್ಲಿ ಬಂತು. 2024ರಲ್ಲಿ ನ್ಯೂಪೋರ್ಟ್‌ನ ಅಸ್ಕ್ ನದಿಯ ದಡದಲ್ಲಿ ಅವಳ ಪ್ರತಿಮೆ ನಿಂತಿತು. ಅದನ್ನು ಕಂಡ ಮರುದಿನ ನಾನು ರೊಂಡಾ ಕಣಿವೆಯ ಟೋನಿಪ್ಯಾಂಡಿಗೆ ಹೋದೆ. ಲೇಡಿ ರೊಂಡಾಳ ಬಿರುದಿಗೆ ಹೆಸರು ಕೊಟ್ಟ ಕಣಿವೆ ಇದೇ. 1910ರಲ್ಲಿ ಅವಳ ಅಪ್ಪನ ಕೇಂಬ್ರಿಯನ್ ಗಣಿ ಕೂಟದಲ್ಲಿ ಸುಮಾರು ಹನ್ನೆರಡು ಸಾವಿರ ಗಣಿಗಾರರು ಕೆಲಸ ನಿಲ್ಲಿಸಿದರು. ನವೆಂಬರಿನಲ್ಲಿ ಇಲ್ಲಿನ ಅಂಗಡಿಬೀದಿಯ ಗಾಜುಗಳು ಒಡೆದವು, ಪೊಲೀಸರು ಲಾಠಿ ಬೀಸಿದರು, ಗೃಹ ಸಚಿವ ವಿನ್‌ಸ್ಟನ್ ಚರ್ಚಿಲ್ ಸೈನ್ಯವನ್ನೂ ಕಳಿಸಿದ. ಹತ್ತು ತಿಂಗಳ ಬಳಿಕ ಹಸಿವಿಗೆ ಸೋತು ಗಣಿಗಾರರು ಮರಳಿದರು. ಆ ದಿನಗಳಲ್ಲಿ ಒಲೆ ಹೊತ್ತಿಸಲು ಹೆಂಗಸರೂ ಮಕ್ಕಳೂ ತ್ಯಾಜ್ಯದ ದಿಬ್ಬಗಳಲ್ಲಿ ಕಲ್ಲಿದ್ದಲ ಚೂರು ಆರಿಸಿದರು.

ಟೋನಿಪ್ಯಾಂಡಿಯ ಇಳಿಜಾರು ಬೀದಿಯಲ್ಲಿ ನಡೆಯುವಾಗ ಒಂದು ಪ್ರಶ್ನೆ ಬಿಡದೆ ಕಾಡಿತು. ಈ ಕಣಿವೆಯ ಕಲ್ಲಿದ್ದಲಿನ ಹಣದಲ್ಲಿ ಬೆಳೆದವಳು ಹೆಂಗಸರ ಸಮಾನತೆಗಾಗಿ ಜೈಲಿಗೆ ಹೋದದ್ದು ಸುಳ್ಳೇ? ಖಂಡಿತ ಸುಳ್ಳಲ್ಲ. ಅವಳ ಪತ್ರಿಕೆ ಆ ಹಣದಿಂದಲೇ ದಶಕಗಳ ಕಾಲ ನಡೆಯಿತು, ಹೆಂಗಸರಿಗೆ ಬರೆಯುವ ಜಾಗ ಕೊಟ್ಟಿತು. ಹಾಗೆಂದು ದಿಬ್ಬದಲ್ಲಿ ಚೂರು ಆರಿಸಿದವಳ ಹಸಿವೂ ಸುಳ್ಳಾಗುವುದಿಲ್ಲ. ಅಂಚೆಪೆಟ್ಟಿಗೆಯನ್ನಷ್ಟೇ ನೋಡಿದರೆ ಒಬ್ಬ ವೀರನಾರಿ ಸಿಗುತ್ತಾಳೆ, ಟೋನಿಪ್ಯಾಂಡಿಯನ್ನಷ್ಟೇ ನೋಡಿದರೆ ಧಣಿಯ ಮಗಳು ಸಿಗುತ್ತಾಳೆ. ಇಡೀ ಮನುಷ್ಯಳು ಸಿಗಬೇಕಾದರೆ ಎರಡೂ ಊರುಗಳ ಟಿಕೆಟ್ ಕೊಳ್ಳಬೇಕು.

ಒಂದೇ ಬದುಕನ್ನು ಹಲವು ಕಡೆಯಿಂದ ನೋಡುವ ಈ ನ್ಯಾಯಬುದ್ಧಿ ಏಂಜೆಲಾ ಜಾನ್ ಅವರ ಇನ್ನೊಂದು ಸಾಲು ಪುಸ್ತಕಗಳಲ್ಲಿ ಎದ್ದು ಕಾಣುತ್ತದೆ. ಪತ್ರಕರ್ತ ಹೆನ್ರಿ ನೆವಿನ್ಸನ್ 1907ರಲ್ಲಿ ಭಾರತಕ್ಕೆ ಬಂದು, ಸೂರತ್ ಕಾಂಗ್ರೆಸ್ ಒಡೆದದ್ದನ್ನು ಕಣ್ಣಾರೆ ಕಂಡು, ಮರುವರ್ಷ ನಮ್ಮ ದೇಶದ ಹೊಸ ಚೈತನ್ಯವನ್ನು ಕುರಿತು ಪುಸ್ತಕ ಬರೆದವನು. ಏಂಜೆಲಾ ಜಾನ್ 2006ರಲ್ಲಿ ಅವನ ಜೀವನಚರಿತ್ರೆ ಬರೆದರು. 2009ರಲ್ಲಿ ಬಂಡಾಯದ ಲೇಖಕಿ ಈವ್ಲಿನ್ ಶಾರ್ಪ್ ಅವರದು. ಮತವಿಲ್ಲದವಳು ತೆರಿಗೆ ಕೊಡುವುದಿಲ್ಲವೆಂದು ಹಟ ಹಿಡಿದು ಮನೆಯ ಸಾಮಾನನ್ನು ಜಪ್ತಿಗೆ ಬಿಟ್ಟುಕೊಟ್ಟವಳು ಈವ್ಲಿನ್; ಹೆನ್ರಿಯೊಡನೆ ದೀರ್ಘಕಾಲದ ಪ್ರೀತಿಯಿದ್ದು 1933ರಲ್ಲಿ ಅವನನ್ನು ಮದುವೆಯಾದಳು. ಆ ಹೊತ್ತಿಗೆ ಹೆನ್ರಿಯ ಮೊದಲ ಹೆಂಡತಿ ಮಾರ್ಗರೆಟ್ ವಿನ್ ನೆವಿನ್ಸನ್ ತೀರಿಕೊಂಡಿದ್ದಳು. ಅವಳೂ ನಾಟಕಕಾರ್ತಿ, ಮತದಾನದ ಹೋರಾಟಗಾರ್ತಿ, 1920ರಲ್ಲಿ ನೇಮಕವಾದ ಮ್ಯಾಜಿಸ್ಟ್ರೇಟ್. ಹಲವು ಹೆಂಗಸರನ್ನು ಕುರಿತ 2018ರ ಪುಸ್ತಕದಲ್ಲಿ ಏಂಜೆಲಾ ಜಾನ್ ಅವಳಿಗೂ ಒಂದು ಅಧ್ಯಾಯ ಕೊಟ್ಟರು. ಒಬ್ಬನ ಕಥೆಯಲ್ಲಿ ಇನ್ನೊಬ್ಬಳು ಅಡಿಟಿಪ್ಪಣಿಯಾಗುವ ಅಪಾಯವಿದ್ದ ಕಡೆ, ಮೂವರಿಗೂ ಅವರವರ ಕಥೆಯ ನಡುಮನೆ ಸಿಕ್ಕಿತು.

ಅದೇ 2018ರ ಪುಸ್ತಕ ನನ್ನನ್ನು ಬ್ರಿಜೆಂಡ್ ಬಳಿಯ ಇವೆನಿಗೆ ಕರೆದೊಯ್ದಿತು. ಕೋಟೆಯಂತೆ ಗೋಡೆ ಕಟ್ಟಿದ ಹನ್ನೆರಡನೆಯ ಶತಮಾನದ ಮಠ, ಅದಕ್ಕೆ ಅಂಟಿದ ಮನೆ, ಪಕ್ಕದಲ್ಲಿ ಸಣ್ಣ ಹೊಳೆ. ಈ ಮನೆತನದ ಈಡಿತ್ ಪಿಕ್ಟನ್-ಟರ್ಬರ್‌ವಿಲ್ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಭಾರತಕ್ಕೆ ಬಂದು ವೈಡಬ್ಲ್ಯುಸಿಎ ಸಂಸ್ಥೆಯಲ್ಲಿ ದುಡಿದವಳು. ಬಳಿಕ ಲೇಬರ್ ಪಕ್ಷದಿಂದ 1929ರಲ್ಲಿ ಸಂಸತ್ತಿಗೆ ಆಯ್ಕೆಯಾದಳು. ಅಲ್ಲಿದ್ದದ್ದು ಎರಡೇ ವರ್ಷ. ಅಷ್ಟರಲ್ಲೇ ಗರ್ಭಿಣಿಯರಿಗೆ ಮರಣದಂಡನೆ ವಿಧಿಸದಂತೆ 1931ರಲ್ಲಿ ಕಾನೂನು ಮಾಡಿಸಿದಳು. ಇಂಥ ಹೆಸರು ಪ್ರಧಾನಮಂತ್ರಿಗಳ ಇತಿಹಾಸದಲ್ಲಿ ಸಿಗುವುದಿಲ್ಲ. ಅದೇ ಸಂಪುಟದಲ್ಲಿ 1870ರಲ್ಲಿ ಜ್ಯೂರಿಕ್‌ನಿಂದ ಎಂ.ಡಿ. ಪಡೆದ, ಬ್ರೆಕನ್‌ನಲ್ಲಿ ಹುಟ್ಟಿದ ಡಾ. ಫ್ರಾನ್ಸಿಸ್ ಹೊಗನ್ ಇದ್ದಾಳೆ. ಗಣಿಯೂರಿನ ಬದುಕನ್ನೇ ಕಾದಂಬರಿ ಮಾಡಿದ ಮೆನ್ನಾ ಗ್ಯಾಲಿ ಇದ್ದಾಳೆ.

ಕೊನೆಗೆ ಪೋರ್ಟ್ ಟಾಲ್ಬಟ್. ರೈಲು ಊರು ತಲುಪುವ ಮುನ್ನವೇ ಎಡಗಡೆ ಸಮುದ್ರದಂಚಿನ ಉದ್ದಕ್ಕೂ ಉಕ್ಕಿನ ಕಾರ್ಖಾನೆ ಹಬ್ಬಿ ನಿಲ್ಲುತ್ತದೆ. ಭಾರತೀಯನಿಗೆ ಇದು ಪೂರ್ತಿ ಪರಸ್ಥಳವಲ್ಲ. 2007ರಲ್ಲಿ ಕೋರಸ್ ಕಂಪನಿಯನ್ನು ಕೊಂಡ ಟಾಟಾ ಸ್ಟೀಲ್ ಇದರ ಒಡೆಯ. ಇಲ್ಲಿದ್ದ ಎರಡು ಊದುಕುಲುಮೆಗಳಲ್ಲಿ ಒಂದು 2024ರ ಜುಲೈನಲ್ಲಿ, ಇನ್ನೊಂದು ಸೆಪ್ಟೆಂಬರ್ 30ರಂದು ನಿಂತವು. ವಿದ್ಯುತ್ ಕುಲುಮೆ ಬರಲಿದೆ, ಆದರೆ ಅದಕ್ಕೆ ಬೇಕಾದ ಕೈಗಳು ಕಡಿಮೆ. ಸಾವಿರಾರು ಮನೆಗಳ ಅನ್ನದ ಲೆಕ್ಕ ಬದಲಾಗಿದೆ. ಡೌಲೈಸ್‌ನಲ್ಲಿ ಹುಲ್ಲಿನಡಿ ಕಂಡದ್ದು ಇಲ್ಲಿ ಕಣ್ಣೆದುರೇ ಶುರುವಾಗಿದೆ ಎನಿಸಿ ಸಂಕಟವಾಯಿತು.

ಏಂಜೆಲಾ ಜಾನ್ ಈ ತವರೂರಿನ ಬಗ್ಗೆಯೂ 2015ರಲ್ಲಿ ಬರೆದರು. ರಿಚರ್ಡ್ ಬರ್ಟನ್, ಆಂಟನಿ ಹಾಪ್ಕಿನ್ಸ್, ಮೈಕೇಲ್ ಶೀನ್ ಮೂವರೂ ಈ ಪುಟ್ಟ ಕೈಗಾರಿಕಾ ಊರಿನ ಆಸುಪಾಸಿನಲ್ಲಿ ಬೆಳೆದವರು. ಇಷ್ಟು ನಟರು ಇಲ್ಲಿಂದಲೇ ಹೇಗೆ ಬಂದರು ಎಂದು ಕೇಳಿಕೊಂಡ ಆ ಪುಸ್ತಕ ಪ್ರತಿಭೆಯ ಪವಾಡಕ್ಕೆ ಕೈಮುಗಿದು ಸುಮ್ಮನಾಗುವುದಿಲ್ಲ. ಊರಿನ ಮೇಷ್ಟ್ರುಗಳು, ಹವ್ಯಾಸಿ ನಾಟಕ ತಂಡಗಳು, ಯುವಕೇಂದ್ರಗಳ ಕಡೆ ತಿರುಗುತ್ತದೆ. ಹೆಂಗಸರ ಚರಿತ್ರೆ ಬರೆದು ಕಲಿತ ವಿದ್ಯೆ ಹೀಗೆ ಗಂಡಸರ ಕೀರ್ತಿಯನ್ನು ವಿವರಿಸಲೂ ಒದಗಿತು. ಒಬ್ಬರು ಬೆಳಗಲು ಎಷ್ಟು ಜನ ಎಣ್ಣೆ ಹೊಯ್ದಿರುತ್ತಾರೆ ಎಂಬ ಲೆಕ್ಕ ಎಲ್ಲ ಜೀವನಚರಿತ್ರೆಗೂ ಬೇಕು. ಹೆಂಗಸರ ಪಾಲನ್ನು ಮರೆತೇ ಬರೆಯುತ್ತಿದ್ದ ಕಾಲದಲ್ಲಿ ಆ ಲೆಕ್ಕ ಎಲ್ಲಿಯೂ ಸರಿ ಬರುತ್ತಿರಲಿಲ್ಲ.

ಈ ದಾರಿಯಲ್ಲಿ ಅವರು ಒಂಟಿಯಾಗಿರಲಿಲ್ಲ. ಡಿಯರ್ಡ್ರಿ ಬೆಡೋ ಅವರಂಥ ಇತಿಹಾಸಕಾರ್ತಿಯರು ಜೊತೆಗಿದ್ದರು. 1990ರ ದಶಕದ ಕೊನೆಯಲ್ಲಿ ಆರಂಭವಾದ ವೇಲ್ಸ್ ಮಹಿಳಾ ದಾಖಲಾಗಾರವು ಊರೂರಿಗೆ ಹೋಗಿ, ಮನೆಯ ಪೆಟ್ಟಿಗೆಯಲ್ಲಿರುವ ಕಾಗದ, ಫೋಟೋ, ಸಂಘದ ನಡಾವಳಿ ಪುಸ್ತಕಗಳನ್ನು ತನ್ನಿ ಎಂದು ಜನರನ್ನು ಕರೆಯಿತು. ಕಾರ್ಖಾನೆಗಳಲ್ಲಿ ದುಡಿದ ಇನ್ನೂರಕ್ಕೂ ಹೆಚ್ಚು ಹೆಂಗಸರ ಮಾತನ್ನು ದಾಖಲಿಸಿತು. ನನಗೆ ಈ ಪ್ರವಾಸದ ಎಲ್ಲ ನೋಟಗಳಿಗಿಂತ ಇದು ದೊಡ್ಡದೆನಿಸಿತು. ಕಂಚಿನ ಪ್ರತಿಮೆಗೆ ನಿಧಿ ಬೇಕು, ಚೌಕ ಬೇಕು. ಅಜ್ಜಿಯ ಮಾತನ್ನು ಬರೆದುಕೊಳ್ಳಲು ಕೂತು ಕೇಳುವ ಒಂದು ಮಧ್ಯಾಹ್ನ ಸಾಕು.

ಹೆಂಗಸರ ಬದುಕನ್ನು ಬರೆಯಹೊರಟವರಿಗೆ ಏಂಜೆಲಾ ಜಾನ್ ಅವರ ನಾಲ್ಕು ದಶಕಗಳ ದುಡಿಮೆ ಒಂದು ಶಿಸ್ತನ್ನು ತೋರಿಸಿಕೊಡುತ್ತದೆ. ಅವಳ ದಿನಚರಿ ಸಿಕ್ಕರೆ ಮೊದಲು ಅದನ್ನು ಪೂರ್ತಿ ಓದಿ. ಬಳಿಕ ಆ ದಿನಚರಿಯ ಕಾಗದಕ್ಕೂ ಬಿಡುವಿಗೂ ಹಣ ಎಲ್ಲಿಂದ ಬಂತೆಂದು ಹುಡುಕಿ. ಅವಳ ಮನೆಯ ಒಲೆ ಹೊತ್ತಿಸಿದವಳ ಹೆಸರು ಕೂಲಿಪುಸ್ತಕದಲ್ಲೋ ಕೋರ್ಟಿನ ಕಡತದಲ್ಲೋ ಇದ್ದರೆ ಅದನ್ನೂ ಬರೆದುಕೊಳ್ಳಿ. ಆ ಎರಡನೆಯ ಹೆಸರನ್ನು ಹುಡುಕುವ ಕೆಲಸ ನಿಧಾನದ್ದು, ಅದಕ್ಕೆ ಸನ್ಮಾನಗಳೂ ಕಡಿಮೆ. ಆದರೆ ಮೊದಲನೆಯವಳ ಕಥೆ ನಿಜವಾಗುವುದು ಆ ಹೆಸರು ಸೇರಿದ ಮೇಲೆಯೇ.